ಯಯಾತಿಯ ಯೌವನವೂ ಪುರುಷ ಹಾರ್ಮೋನೂ

ಮಹಾಭಾರತದ ಆದಿಪರ್ವದಲ್ಲಿ ಬರುವ ಯಯಾತಿಯ ಉಪಾಖ್ಯಾನವನ್ನು ಕನ್ನಡ ವಾಚಕರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಿಗೆ ತುತ್ತಾದ ರಾಜನು ತನ್ನ ಐವರು ಮಕ್ಕಳ ಮುಂದೆ ಕೈಯೊಡ್ಡಿ ಯೌವನವನ್ನು ಬೇಡಿದನು, ನಾಲ್ವರು ಒಲ್ಲೆವೆಂದರು, ಕಿರಿಯನಾದ ಪೂರುವು ಒಪ್ಪಿದನು. ಈ ವಸ್ತುವನ್ನೆತ್ತಿಕೊಂಡು ಗಿರೀಶ ಕಾರ್ನಾಡರು ರಚಿಸಿದ ‘ಯಯಾತಿ’ ನಾಟಕವು ೧೯೬೧ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಆ ನಾಟಕವನ್ನು ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿಗಳಲ್ಲಿ ಓದುತ್ತ ಬಂದಿದ್ದಾರೆ. ತಂದೆಯ ಭಾರವನ್ನು ಮಗನು ಹೊರಬೇಕಾದ ತಲೆಮಾರುಗಳ ಸಂಘರ್ಷವೆಂಬುದು ಒಂದು. ತನ್ನ ಕರ್ಮದ ಹೊಣೆಯನ್ನು ಇನ್ನೊಬ್ಬನ ಹೆಗಲಿಗೇರಿಸಲು ಬಾರದೆಂಬ ಅಸ್ತಿತ್ವವಾದದ ತತ್ತ್ವವೆಂಬುದು ಇನ್ನೊಂದು. ಎರಡೂ ಯುಕ್ತವಾದ ದಾರಿಗಳೇ. ಆದರೆ ಯಯಾತಿಯು ಕೇಳಿದ, ಪೂರುವು ಕೊಟ್ಟ ಆ ಯೌವನವೆಂಬ ವಸ್ತುವಾದರೂ ಯಾವುದು ಎಂಬ ಪ್ರಶ್ನೆಯನ್ನು ಈ ಓದುಗಳು ಅಷ್ಟಾಗಿ ಎತ್ತುವುದಿಲ್ಲ.

ಯೌವನ, ಗಂಡಸುತನ, ಸಂತತಿ ಎಂಬ ಮೂರನ್ನು ನಾವು ದಿನಬಳಕೆಯಲ್ಲಿ ಒಂದೇ ಗಂಟಾಗಿ ಕಟ್ಟಿ ಮಾತನಾಡುತ್ತೇವೆ. ಈ ಗಂಟನ್ನು ಕಾರ್ನಾಡರ ನಾಟಕದಲ್ಲಿ ಬಿಚ್ಚಿ ತೋರಿಸುವವಳು ಪೂರುವಿನ ನವವಧು ಚಿತ್ರಲೇಖೆ. ಪ್ರಯೋಗಶಾಲೆಯಲ್ಲಿ ಬಿಚ್ಚಿ ತೋರಿಸಿದ್ದು ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನನ್ನು ಕುರಿತ ಇಪ್ಪತ್ತನೆಯ ಶತಮಾನದ ಸಂಶೋಧನೆ. ಈ ಎರಡನ್ನೂ ಎದುರುಬದುರಾಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ವಿದ್ವದ್ವಿನೋದವಲ್ಲ. ಇಂದಿನ ಅನೇಕ ಸಂಸಾರಗಳ ಸುಖದುಃಖಕ್ಕೆ ಸಂಬಂಧಿಸಿದ ವಿಷಯವೆಂಬುದನ್ನು ಕೊನೆಯಲ್ಲಿ ನಿವೇದಿಸುವೆನು.

೧

ಮೊದಲು ಮೂಲಕಥೆಯನ್ನೇ ಪರಿಶೀಲಿಸೋಣ. ಯೌವನವನ್ನು ಕೊಡಲೊಲ್ಲದ ಮಕ್ಕಳು ಮುಂದಿಡುವ ಕಾರಣಗಳು ಗಮನಾರ್ಹವಾಗಿವೆ. ಮುಪ್ಪಿನಲ್ಲಿ ಅನ್ನಪಾನಗಳು ರುಚಿಸವು, ಮೈ ಸುಕ್ಕಾಗಿ ಬಲ ಕುಂದುವುದು ಎಂದು ಯದುವು ಹೇಳುತ್ತಾನೆ. ಕಾಮಭೋಗ, ರೂಪ, ಬುದ್ಧಿಗಳು ಅಳಿಯುವುವೆಂದು ತುರ್ವಸುವು. ಆನೆಕುದುರೆಗಳನ್ನೇರಲಾಗದು, ಮಾತು ತೊದಲುವುದೆಂದು ದ್ರುಹ್ಯುವು. ಮುದುಕನು ಮಗುವಿನಂತೆ ಹೊತ್ತುಗೊತ್ತಿಲ್ಲದೆ ಅಶುಚಿಯಾಗಿ ಉಣ್ಣುವನೆಂದು ಅನುವು. ಈ ನಾಲ್ವರ ಮಾತನ್ನು ಒಟ್ಟಿಗೆ ಓದಿದರೆ ವಾರ್ಧಕ್ಯದ ಲಕ್ಷಣಗಳನ್ನು ವೈದ್ಯನೊಬ್ಬನು ಪಟ್ಟಿಮಾಡಿದಂತೆ ತೋರುವುದು. ಇಲ್ಲಿ ಸಂತತಿಯ ಮಾತೇ ಇಲ್ಲ.

ಆದರೆ ಯಯಾತಿಯು ಇವರಿಗೆ ಕೊಡುವ ಶಾಪಗಳನ್ನು ನೋಡಿರಿ. ಯದುವಿನ ಸಂತತಿಗೆ ರಾಜ್ಯದಲ್ಲಿ ಪಾಲಿಲ್ಲ. ತುರ್ವಸುವಿನ ಸಂತತಿಯು ಉಚ್ಛೇದವಾಗುವುದು. ಅನುವಿನ ಮಕ್ಕಳು ಯೌವನಕ್ಕೆ ಬರುತ್ತಿದ್ದಂತೆಯೇ ಅಳಿದುಹೋಗುವರು. ಯೌವನವನ್ನು ಕೊಡದ ತಪ್ಪಿಗೆ ದಂಡ ಬೀಳುವುದು ಆ ಮಕ್ಕಳ ಮೈಮೇಲಲ್ಲ, ಅವರಿಂದ ಹುಟ್ಟಲಿರುವವರ ಮೇಲೆ. ಮೇಲ್ನೋಟಕ್ಕೆ ಸಂಬಂಧವಿಲ್ಲದ ಎರಡನ್ನು ಕವಿಯು ಹೀಗೆ ಹೊಸೆದಿರುವುದು ಆಕಸ್ಮಿಕವೆಂದು ನಾನು ತಿಳಿಯಲಾರೆನು.

ಇದಕ್ಕೆ ಇನ್ನೊಂದು ಆಧಾರವು ಕಥೆಯ ಆರಂಭದಲ್ಲಿಯೇ ಇದೆ. ಶರ್ಮಿಷ್ಠೆಯ ಸಂಗವನ್ನು ಶುಕ್ರಾಚಾರ್ಯರು ಆಕ್ಷೇಪಿಸಿದಾಗ ಯಯಾತಿಯು ಕಾಮವಶನಾಗಿ ಹಾಗೆ ಮಾಡಿದೆನೆಂದು ಒಪ್ಪಿಕೊಳ್ಳುವುದಿಲ್ಲ. ಋತುಮತಿಯಾದ ಸ್ತ್ರೀಯು ಸಂತಾನಾರ್ಥವಾಗಿ ಯಾಚಿಸಿದಾಗ ನಿರಾಕರಿಸುವವನು ಭ್ರೂಣಹತ್ಯೆಯ ದೋಷಕ್ಕೆ ಗುರಿಯಾಗುವನೆಂಬ ಧರ್ಮವನ್ನು ಮುಂದೊಡ್ಡುತ್ತಾನೆ. ಎಂದರೆ ತನ್ನ ಭೋಗಕ್ಕೆ ಸಂತತಿಯನ್ನು ನೆಪವಾಗಿಸುತ್ತಾನೆ. ಶುಕ್ರರು ಆ ವಾದವನ್ನು ಮನ್ನಿಸಲಿಲ್ಲ. ಅನಂತರ ಮಕ್ಕಳ ಬಳಿ ಯೌವನವನ್ನು ಬೇಡುವಾಗ ರಾಜನು ಸಂತತಿಯ ಮಾತನ್ನು ಮರೆತೇಬಿಡುತ್ತಾನೆ; ಭೋಗದಿಂದ ಇನ್ನೂ ತೃಪ್ತಿಯಾಗಿಲ್ಲವೆಂಬುದೊಂದೇ ಕಾರಣವಾಗಿ ಉಳಿಯುತ್ತದೆ.

೨

ಕಾರ್ನಾಡರು ಈ ಕಥೆಯ ಸಾವಿರ ವರ್ಷಗಳ ಅವಧಿಯನ್ನು ಕುಗ್ಗಿಸಿ ಅಲ್ಪ ಸಮಯದೊಳಗೆ ನಡೆಯುವಂತೆ ಮಾಡಿದರು. ಅದಕ್ಕಿಂತಲೂ ಮಹತ್ತ್ವದ ಮಾರ್ಪಾಡೆಂದರೆ ಪೂರುವಿನ ಹೆಂಡತಿಯನ್ನು ರಂಗಕ್ಕೆ ತಂದುದು. ಯೌವನದ ವಿನಿಮಯವು ನಡೆಯುವಾಗ ಮೂಲದಲ್ಲಿ ಆಕೆಗೆ ಸ್ಥಾನವಿಲ್ಲ. ನಾಟಕಕಾರರು ಆಕೆಗೆ ಚಿತ್ರಲೇಖೆಯೆಂದು ಹೆಸರಿಟ್ಟು, ಗಂಡನ ಮನೆಗೆ ಆಗತಾನೆ ಕಾಲಿಟ್ಟವಳನ್ನಾಗಿ ಮಾಡಿದರು. ತನ್ನ ಗಂಡನು ಒಪ್ಪಿಕೊಂಡ ತ್ಯಾಗದ ಕೀರ್ತಿಯನ್ನು ಆಕೆಯು ಹೊತ್ತು ಮೆರೆಯಬೇಕೆಂದು ಸುತ್ತಲಿನವರು ಬಯಸುತ್ತಾರೆ. ಆದರೆ ದೀಪದ ಬೆಳಕಿನಲ್ಲಿ ಅವನ ಮುಪ್ಪಿನ ಮುಖವನ್ನು ಕಂಡಾಗ ಆಕೆಗೆ ಕಾಣುವುದು ತ್ಯಾಗವಲ್ಲ, ತನಗಾದ ಅನ್ಯಾಯ.

ಆಗ ಆಕೆಯು ಮಾವನೆದುರಿಗೆ ಮಂಡಿಸುವ ವಾದವೇ ನಾಟಕದ ಮರ್ಮಸ್ಥಾನ. ನಾನು ವರಿಸಿದ್ದು ಪೂರುವಿನ ಯೌವನವನ್ನು; ಈ ವಂಶದ ಬೀಜವನ್ನು ಹೊತ್ತು ಬೆಳೆಸಲೆಂದು ಇಲ್ಲಿಗೆ ಬಂದೆನು; ಆ ಯೌವನವು ಈಗ ನಿಮ್ಮಲ್ಲಿದೆ; ಹಾಗಾದರೆ ನನ್ನನ್ನೂ ನೀವೇ ಸ್ವೀಕರಿಸಬೇಕಲ್ಲವೇ ಎಂಬುದು ಆ ಮಾತಿನ ತಾತ್ಪರ್ಯ. ಯಯಾತಿಯು ಹೌಹಾರುತ್ತಾನೆ. ಅನಂತರ ಆಕೆಯು ವಿಷವನ್ನು ಸೇವಿಸಿ ಪ್ರಾಣಬಿಡುತ್ತಾಳೆ. ಅದನ್ನು ಕಂಡ ಯಯಾತಿಯು ತನ್ನ ಮುಪ್ಪನ್ನು ಹಿಂದಕ್ಕೆ ಪಡೆಯುತ್ತಾನೆ.

ಈ ವಾದವು ಪ್ರೇಕ್ಷಕನನ್ನು ಬೆಚ್ಚಿಬೀಳಿಸುವುದಕ್ಕಾಗಿ ಹೂಡಿದ ತಂತ್ರವೆಂದು ಭಾವಿಸುವವರುಂಟು. ನನ್ನ ಅಭಿಪ್ರಾಯದಲ್ಲಿ ಅದು ಕಥೆಯ ಒಳಗಿನಿಂದಲೇ ಹುಟ್ಟಿದುದು. ವ್ಯಾಸಭಾರತದ ಯಯಾತಿಯು ಶುಕ್ರರೆದುರಿಗೆ ಒಡ್ಡಿದ ನೆಪವನ್ನು, ಸ್ತ್ರೀಯು ಸಂತಾನಕ್ಕಾಗಿ ಕೇಳಿದರೆ ಇಲ್ಲವೆನ್ನಬಾರದೆಂಬ ಧರ್ಮವನ್ನು, ಕಾರ್ನಾಡರ ಚಿತ್ರಲೇಖೆಯು ಎತ್ತಿಕೊಂಡು ಅವನ ಮುಖಕ್ಕೇ ಹಿಡಿಯುತ್ತಾಳೆ. ಅಂದು ನಿನಗೆ ಅನುಕೂಲವಾಗಿದ್ದ ನ್ಯಾಯವು ಇಂದು ನನಗೇಕೆ ಆಗದು ಎಂಬುದು ಅಲ್ಲಿ ಅಡಗಿರುವ ಪ್ರಶ್ನೆ. ಭೋಗವನ್ನೂ ಸಂತತಿಯನ್ನೂ ತನಗೆ ಬೇಕಾದಂತೆ ಒಮ್ಮೆ ಸೇರಿಸಿ ಒಮ್ಮೆ ಬೇರ್ಪಡಿಸಿ ಬಾಳಿದ ರಾಜನು ಇಲ್ಲಿ ಮೊದಲ ಬಾರಿಗೆ ನಿರುತ್ತರನಾಗುತ್ತಾನೆ. ಯೌವನವೆಂಬುದು ಹೊನ್ನಿನ ನಾಣ್ಯದಂತೆ ಕೈಯಿಂದ ಕೈಗೆ ಸಾಗಿಸಬಹುದಾದ ಒಡವೆಯಲ್ಲ; ಮತ್ತೊಬ್ಬ ವ್ಯಕ್ತಿಯೊಡನೆ, ಇನ್ನೂ ಹುಟ್ಟದವರೊಡನೆ ಅದಕ್ಕೆ ನಂಟಿದೆಯೆಂಬುದು ಅವನಿಗೆ ಆಗ ತಿಳಿಯುತ್ತದೆ.

೩

ಇನ್ನು ವಿಜ್ಞಾನದ ಕಡೆಗೆ ತಿರುಗೋಣ. ಯಯಾತಿಯ ಆಸೆಯು ಪುರಾಣದೊಂದಿಗೆ ಮುಗಿಯಲಿಲ್ಲ. ೧೮೮೯ರಲ್ಲಿ ಪ್ಯಾರಿಸಿನ ಪ್ರಖ್ಯಾತ ಶರೀರವಿಜ್ಞಾನಿ ಬ್ರೌನ್ ಸೆಕಾರ್ ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣದಿಂದ ತೆಗೆದ ರಸವನ್ನು ತಮಗೇ ಚುಚ್ಚಿಕೊಂಡು, ಹೋದ ಬಲವು ಮರಳಿತೆಂದು ವಿದ್ವತ್ಸಭೆಯಲ್ಲಿ ಸಾರಿದರು. ಆ ರಸದಲ್ಲಿ ಪರಿಣಾಮ ಮಾಡಬಲ್ಲಷ್ಟು ಹಾರ್ಮೋನು ಇರುವುದೇ ಸಾಧ್ಯವಿರಲಿಲ್ಲವೆಂದು ೨೦೦೨ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಅದೇ ವಿಧಾನವನ್ನು ಮತ್ತೆ ಮಾಡಿ ನೋಡಿ ತಿಳಿಸಿದರು. ಮುದುಕರಿಗೆ ವಾನರನ ವೃಷಣದ ತುಣುಕನ್ನು ಕಸಿಮಾಡುವ ವೊರೊನಾಫ್ ಅವರ ಶಸ್ತ್ರಚಿಕಿತ್ಸೆಯು ೧೯೨೦ರ ದಶಕದಲ್ಲಿ ಸಿರಿವಂತರನ್ನು ಆಕರ್ಷಿಸಿ, ಕೆಲವೇ ವರ್ಷಗಳಲ್ಲಿ ಹೆಸರಿಲ್ಲದಂತಾಯಿತು. ಈ ಪ್ರಯೋಗಗಳೆಲ್ಲದರಲ್ಲಿಯೂ ಒಂದು ಸಮಾನಾಂಶವಿದೆ: ಒಬ್ಬನ ಯೌವನಕ್ಕಾಗಿ ಇನ್ನೊಂದು ಪ್ರಾಣಿಯು ತನ್ನ ಬೀಜವನ್ನು ಕಳೆದುಕೊಳ್ಳಬೇಕು.

ನಿಜವಾದ ಜ್ಞಾನವು ಬಂದದ್ದು ಬೇರೆ ದಾರಿಯಿಂದ. ೧೮೪೯ರಲ್ಲಿಯೇ ಜರ್ಮನಿಯ ಗೊಟ್ಟಿಂಗೆನ್ನಿನಲ್ಲಿ ಬರ್ತೋಲ್ಡ್ ಎಂಬ ವಿಜ್ಞಾನಿಯು ಎಳೆಯ ಹುಂಜಗಳ ಬೀಜವನ್ನು ತೆಗೆದು, ಕೆಲವುಗಳಲ್ಲಿ ಅದನ್ನೇ ಹೊಟ್ಟೆಯೊಳಗೆ ಮತ್ತೆ ನೆಟ್ಟು, ಅಂಥವು ಮಾತ್ರ ಕೆಂಪು ಜುಟ್ಟನ್ನೂ ಕೂಗನ್ನೂ ಪಡೆಯುವುದನ್ನು ಕಂಡಿದ್ದನು. ನರಗಳ ಸಂಬಂಧವು ಕಡಿದಿದ್ದರೂ ಫಲವು ದೊರೆತುದರಿಂದ ಪ್ರಭಾವವು ರಕ್ತದ ಮೂಲಕವೇ ಹರಿಯಬೇಕೆಂಬುದು ಸ್ಪಷ್ಟವಾಯಿತು. ಹೀಗೆ ನಿರ್ನಾಳ ಗ್ರಂಥಿಗಳಿಂದ ರಕ್ತಕ್ಕೆ ಸೇರಿ ದೂರದ ಅಂಗಗಳನ್ನು ಪ್ರಚೋದಿಸುವ ದ್ರವ್ಯಕ್ಕೆ ೧೯೦೫ರಲ್ಲಿ ಸ್ಟಾರ್ಲಿಂಗ್ ಹಾರ್ಮೋನೆಂಬ ಹೆಸರನ್ನು ಬಳಸಿದರು. ಕನ್ನಡದಲ್ಲಿ ಚೋದನಿ, ಚೋದಕಸ್ರಾವ ಎಂಬ ಮಾತುಗಳೂ ಬಳಕೆಯಲ್ಲಿವೆ. ೧೯೩೫ರಲ್ಲಿ ಆಮ್‌ಸ್ಟರ್‌ಡಾಮಿನ ಲಾಕ್ಯೂರ್ ಮತ್ತು ಸಂಗಡಿಗರು ಸುಮಾರು ನೂರು ಕಿಲೋಗ್ರಾಂ ಹೋರಿಯ ವೃಷಣಗಳಿಂದ ಹತ್ತು ಮಿಲಿಗ್ರಾಂನಷ್ಟು ಶುದ್ಧ ದ್ರವ್ಯವನ್ನು ಬೇರ್ಪಡಿಸಿ ಟೆಸ್ಟೊಸ್ಟೆರೋನ್ ಎಂದು ಹೆಸರಿಟ್ಟರು. ಅದೇ ವರ್ಷ ಬೂಟೆನಾಂಟ್ ಮತ್ತು ರುಝಿಕಾ ಅದನ್ನು ಕೊಲೆಸ್ಟರಾಲಿನಿಂದ ತಯಾರಿಸುವ ಬಗೆಯನ್ನು ಕಂಡುಕೊಂಡರು. ೧೯೩೯ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಇವರಿಬ್ಬರಿಗೆ ಸಂದಿತು. ಅಂದಿನಿಂದ ಯೌವನಕ್ಕಾಗಿ ಮಗನ ಮುಂದಾಗಲಿ ವಾನರನ ಮುಂದಾಗಲಿ ಕೈಯೊಡ್ಡಬೇಕಾದುದಿಲ್ಲವೆಂದು ತೋರಿತು.

ಆದರೆ ಈ ಹಾರ್ಮೋನು ಮೈಯಲ್ಲಿ ನಡೆಯುವ ಕ್ರಮವನ್ನು ಅರಿತರೆ ವಿಷಯವು ಅಷ್ಟು ಸರಳವಲ್ಲ. ನಮ್ಮ ರೈತರು ಹೋರಿಯ ಬೀಜ ಒಡೆಸಿ ಎತ್ತು ಮಾಡುವಾಗ ಬೀಜವೆಂಬ ಒಂದೇ ಮಾತಿನಿಂದ ಅಂಗವನ್ನೂ ಸಂತಾನಶಕ್ತಿಯನ್ನೂ ಸೂಚಿಸುತ್ತಾರೆ. ಆದರೆ ಆ ಒಂದೇ ಅಂಗದಲ್ಲಿ ಎರಡು ಬೇರೆ ಬೇರೆ ಕಾರ್ಯಗಳು ನಡೆಯುತ್ತವೆ. ಅಲ್ಲಿನ ಸೂಕ್ಷ್ಮ ನಾಳಗಳಲ್ಲಿ ವೀರ್ಯಾಣುಗಳು ರೂಪುಗೊಳ್ಳುತ್ತವೆ; ನಾಳಗಳ ನಡುವಣ ಲೇಡಿಗ್ ಕೋಶಗಳಲ್ಲಿ ಟೆಸ್ಟೊಸ್ಟೆರೋನ್ ಹುಟ್ಟುತ್ತದೆ. ಎರಡಕ್ಕೂ ಆಜ್ಞೆ ಬರುವುದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ. ಆ ಗ್ರಂಥಿಗೆ ಆಜ್ಞೆ ಅದರ ಮೇಲಣ ಹೈಪೊಥಲಾಮಸ್ ಎಂಬ ಭಾಗದಿಂದ. ರಕ್ತದಲ್ಲಿ ಟೆಸ್ಟೊಸ್ಟೆರೋನ್ ಸಾಕಷ್ಟಿದೆಯೆಂದು ಕಂಡೊಡನೆ ಮೇಲಿನವೆರಡೂ ತಮ್ಮ ಆಜ್ಞೆಯನ್ನು ತಗ್ಗಿಸುತ್ತವೆ. ಹೊರಗಿನಿಂದ ಚುಚ್ಚುಮದ್ದಾಗಿ ಬಂದುದನ್ನೂ ಅವು ಒಳಗಿನದೆಂದೇ ಎಣಿಸುತ್ತವೆ. ಪರಿಣಾಮವಾಗಿ ವೃಷಣವು ತನ್ನ ಕೆಲಸವನ್ನು ನಿಲ್ಲಿಸುತ್ತದೆ. ವೀರ್ಯಾಣುಗಳು ಬೆಳೆಯಬೇಕಾದರೆ ವೃಷಣದೊಳಗೆ ಈ ಹಾರ್ಮೋನು ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಾಲು ಹೆಚ್ಚಾಗಿರಬೇಕು. ಹೊರಗಿನ ಮದ್ದು ರಕ್ತವನ್ನು ತುಂಬಬಲ್ಲುದೇ ಹೊರತು ಆ ಒಳಗಣ ಕಣಜವನ್ನು ತುಂಬಲಾರದು. ಆದುದರಿಂದ ಸ್ನಾಯು ಉಬ್ಬುತ್ತದೆ, ಬೀಜವು ಬತ್ತುತ್ತದೆ.

ಇದು ಊಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಹಲವು ದೇಶಗಳಲ್ಲಿ ನಡೆಸಿ ೧೯೯೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತ ಪುರುಷರಿಗೆ ವಾರಕ್ಕೆ ೨೦೦ ಮಿಲಿಗ್ರಾಂ ಟೆಸ್ಟೊಸ್ಟೆರೋನ್ ಎನಾಂಥೇಟನ್ನು ಕೊಟ್ಟು ನೋಡಲಾಯಿತು. ಉದ್ದೇಶವು ಪೌರುಷದ ವೃದ್ಧಿಯಲ್ಲ, ಸಂತಾನನಿಯಂತ್ರಣ! ಆರು ತಿಂಗಳೊಳಗೆ ಅವರಲ್ಲಿ ಹೆಚ್ಚಿನವರ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಂತಾಯಿತು. ಒಂದು ಅಂಗಡಿಯಲ್ಲಿ ಗಂಡಸುತನದ ಮದ್ದೆಂದು ಮಾರುವ ವಸ್ತುವನ್ನು ಇನ್ನೊಂದು ಕಡೆ ಗಂಡಸಿನ ಗರ್ಭನಿರೋಧಕವೆಂದು ಪರೀಕ್ಷಿಸಿದ ಸಂಗತಿಯು ನಾವು ಮೊದಲು ಹೇಳಿದ ಗಂಟನ್ನು ಪೂರ್ತಿಯಾಗಿ ಬಿಚ್ಚಿಬಿಡುತ್ತದೆ.

೪

ಇದರಿಂದ ಟೆಸ್ಟೊಸ್ಟೆರೋನ್ ಔಷಧವೇ ಅಲ್ಲವೆಂದು ತಿಳಿಯಬಾರದು. ಕ್ಲೈನ್‌ಫೆಲ್ಟರ್ ಲಕ್ಷಣಾವಳಿಯಲ್ಲಿ ವೃಷಣವು ಹುಟ್ಟಿನಿಂದಲೇ ದುರ್ಬಲ; ಕಾಲ್‌ಮನ್ ಲಕ್ಷಣಾವಳಿಯಲ್ಲಿ ಮೇಲಿನ ಆಜ್ಞೆಯೇ ಇಲ್ಲದೆ ಹರೆಯವು ಬಾರದು; ಪಿಟ್ಯುಟರಿಯ ಗಡ್ಡೆಯಿಂದಲೋ ಕ್ಯಾನ್ಸರಿನ ಚಿಕಿತ್ಸೆಯಿಂದಲೋ ಕೆಲವರಲ್ಲಿ ಹಾರ್ಮೋನು ಬತ್ತುವುದುಂಟು. ಇಂಥವರಿಗೆ ಅದು ಮೂಳೆ, ರಕ್ತ, ಸ್ನಾಯು, ಮನಸ್ಸು ಇವೆಲ್ಲಕ್ಕೂ ಆಧಾರ. ಹುಟ್ಟಿನಲ್ಲಿ ಹೆಣ್ಣೆಂದು ಗುರುತಿಸಲ್ಪಟ್ಟು ತಾವು ಗಂಡೆಂದು ಅರಿತು ಬಾಳುವವರಿಗೂ ವೈದ್ಯರ ಮೇಲ್ವಿಚಾರಣೆಯಲ್ಲಿ ಅದನ್ನು ಕೊಡುತ್ತಾರೆ. ಬೆಳಗಿನ ಹೊತ್ತಿನಲ್ಲಿ, ಬೇರೆ ಬೇರೆ ದಿನ, ಎರಡು ಬಾರಿಯಾದರೂ ರಕ್ತವನ್ನು ಪರೀಕ್ಷಿಸಿ, ಲಕ್ಷಣಗಳೊಡನೆ ತಾಳೆನೋಡಿ ಚಿಕಿತ್ಸೆಯನ್ನು ಆರಂಭಿಸುವುದು, ರಕ್ತವು ಅತಿಯಾಗಿ ಮಂದವಾಗದಂತೆ ನೋಡಿಕೊಳ್ಳುವುದು, ಪ್ರಾಸ್ಟೇಟ್ ಗ್ರಂಥಿಯ ಮೇಲೆ ಕಣ್ಣಿಡುವುದು ಇವೆಲ್ಲ ವೈದ್ಯಕ್ರಮದ ಅಂಗಗಳು.

ಆದರೆ ಯಯಾತಿಯ ಬೇಡಿಕೆಯು ಇಂಥ ರೋಗಿಯದಲ್ಲ. ಮೂವತ್ತು ನಲವತ್ತರ ಅನಂತರ ಈ ಹಾರ್ಮೋನು ವರ್ಷಕ್ಕೆ ನೂರರಲ್ಲಿ ಒಂದು ಪಾಲಿನಂತೆ ತಾನಾಗಿಯೇ ಇಳಿಯುತ್ತ ಹೋಗುವುದು. ಆ ಇಳಿತವನ್ನು ಮದ್ದಿನಿಂದ ತುಂಬಿದರೆ ಯೌವನವು ಮರಳುವುದೇ? ಅರವತ್ತೈದು ದಾಟಿದ, ಹಾರ್ಮೋನು ಕಡಮೆಯಾಗಿದ್ದ ೭೯೦ ಪುರುಷರಲ್ಲಿ ಒಂದು ವರ್ಷ ನಡೆಸಿ ೨೦೧೬ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಲೈಂಗಿಕ ಶಕ್ತಿಯು ಸಾಧಾರಣವಾಗಿ ಸುಧಾರಿಸಿತು. ಚೈತನ್ಯವೆಂದು ಜನರು ಹೇಳುವ ಗುಣವು ಗಮನಾರ್ಹವಾಗಿ ಹೆಚ್ಚಲಿಲ್ಲ. ೨೦೨೩ರಲ್ಲಿ ಪ್ರಕಟವಾದ, ೫,೨೦೦ಕ್ಕೂ ಹೆಚ್ಚು ಪುರುಷರ ದೊಡ್ಡ ಪರೀಕ್ಷೆಯಲ್ಲಿ ಹೃದಯಾಘಾತ ಪಾರ್ಶ್ವವಾಯುಗಳು ಹೆಚ್ಚಲಿಲ್ಲವೆಂಬುದು ಸಮಾಧಾನಕರ. ಆದರೆ ಹೃದಯದ ಬಡಿತ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ಹಾನಿಯಾಗುವುದು ಔಷಧ ಪಡೆದವರಲ್ಲಿ ಹೆಚ್ಚಾಗಿ ಕಂಡುಬಂದುವು. ಒಟ್ಟಿನಲ್ಲಿ ಈ ಮದ್ದು ಕೊರತೆಯನ್ನು ತುಂಬಬಲ್ಲುದು, ಕಾಲವನ್ನು ಹಿಂತಿರುಗಿಸಲಾರದು.

ಹಾಗೆಯೇ ಇದನ್ನು ಕೇವಲ ಗಂಡಸಿನ ದ್ರವ್ಯವೆಂದು ತಿಳಿಯುವುದೂ ಸರಿಯಲ್ಲ. ಹೆಂಗಸರ ಅಂಡಾಶಯದಲ್ಲಿಯೂ ಅಡ್ರಿನಲ್ ಗ್ರಂಥಿಯಲ್ಲಿಯೂ ಅದು ಅಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ. ಗಂಡಸಿನ ಮೈಯಲ್ಲಿ ಅದರ ಒಂದಂಶವು ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಾಗಿ ಮಾರ್ಪಟ್ಟು ಮೂಳೆಗಳನ್ನು ಗಟ್ಟಿಗೊಳಿಸುತ್ತದೆ. ಪೌರುಷವು ಒಂದು ಸೀಸೆಯೊಳಗೆ ಅಡಗಿದೆಯೆಂಬ ಭಾವನೆಯು ಸೀಸೆಯ ಮೇಲಣ ಚೀಟಿಯಿಂದ ಹುಟ್ಟಿದ್ದೇ ಹೊರತು ಶರೀರದಿಂದಲ್ಲ.

೫

ನಮ್ಮ ಪ್ರಾಚೀನ ವೈದ್ಯರು ಈ ಭೇದವನ್ನು ಬಲ್ಲವರಾಗಿದ್ದರೇ? ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ವಾಜೀಕರಣವೂ ಪ್ರತ್ಯೇಕವಾಗಿವೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲನೆಯ ಅಧ್ಯಾಯವು ಮುಪ್ಪನ್ನು ತಡೆಯುವ ರಸಾಯನಕ್ಕೂ ಎರಡನೆಯದು ವಾಜೀಕರಣಕ್ಕೂ ಮೀಸಲು. ಈ ಎರಡನೆಯ ಅಧ್ಯಾಯದಲ್ಲಿ ಸಂತಾನದ ಮಹಿಮೆಯನ್ನು ಒತ್ತಿ ಹೇಳಿದೆ. ಮಕ್ಕಳಿಲ್ಲದವನನ್ನು ನೆರಳಿಲ್ಲದ, ಫಲವಿಲ್ಲದ ಒಂಟಿ ಕೊಂಬೆಯ ಮರಕ್ಕೆ ಹೋಲಿಸಿದೆ. ಸುಶ್ರುತಸಂಹಿತೆಯಲ್ಲಿ ಹೋತದ ವೃಷಣವನ್ನು ಹಾಲಿನಲ್ಲಿ ಬೇಯಿಸಿಕೊಡುವ ಯೋಗವೂ ಇದೆ. ಇದನ್ನು ನೋಡಿ ನಮ್ಮ ಪೂರ್ವಿಕರಿಗೆ ಹಾರ್ಮೋನು ಗೊತ್ತಿತ್ತೆಂದು ಹೆಮ್ಮೆಪಡುವವರಿದ್ದಾರೆ. ಆ ಹೆಮ್ಮೆಗೆ ಆಧಾರವಿಲ್ಲ. ತಿಂದ ಟೆಸ್ಟೊಸ್ಟೆರೋನನ್ನು ಯಕೃತ್ತು ಬಹುಮಟ್ಟಿಗೆ ಒಡೆದುಹಾಕುತ್ತದೆ. ಪೂರ್ವಿಕರಿಗೆ ಸಲ್ಲಬೇಕಾದ ಗೌರವವು ಬೇರೆಯದು: ಆಯುಸ್ಸಿನ ಬಯಕೆಯನ್ನೂ ಸಂತತಿಯ ಬಯಕೆಯನ್ನೂ ಅವರು ಎರಡು ಅಧ್ಯಾಯಗಳಲ್ಲಿ ಇಟ್ಟರು. ಇಂದಿನ ವೈದ್ಯವೂ ಇದನ್ನೇ ಮಾಡುತ್ತದೆ. ಮೇಲಿನ ಆಜ್ಞೆಯ ಕೊರತೆಯಿಂದ ಬಳಲುವವನು ಮಕ್ಕಳನ್ನು ಬಯಸಿದರೆ ಅವನಿಗೆ ಟೆಸ್ಟೊಸ್ಟೆರೋನನ್ನು ಕೊಡುವುದಿಲ್ಲ. ಅವನ ವೃಷಣವನ್ನೇ ಎಚ್ಚರಿಸುವ ಬೇರೆ ಹಾರ್ಮೋನುಗಳನ್ನು ಕೊಡುತ್ತಾರೆ.

ಎರಡು ಅಧ್ಯಾಯಗಳನ್ನು ಒಂದಾಗಿಸಿದ್ದು ಪೇಟೆ. ನಾನು ವಾಸವಾಗಿರುವ ಸೂರತ್ ನಗರದ ಕತಾರ್‌ಗಾಮ್ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳ ಪ್ರದೇಶ. ಸೌರಾಷ್ಟ್ರದ ಹಳ್ಳಿಗಳಿಂದ ಬಂದ, ಇಲ್ಲಿ ರತ್ನಕಲಾಕಾರರೆಂದು ಕರೆಸಿಕೊಳ್ಳುವ ಯುವಕರು ಹಗಲೆಲ್ಲ ಬೆನ್ನು ಬಗ್ಗಿಸಿ ಕುಳಿತು ದುಡಿಯುತ್ತಾರೆ. ಸಂಜೆಯ ವ್ಯಾಯಾಮವು ಅವರಿಗೆ ಅವಶ್ಯಕವಾದುದೇ. ಆದರೆ ವ್ಯಾಯಾಮಶಾಲೆಗಳ ಸುತ್ತ ಬೆಂಗಳೂರಿನಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಬಾಯಿಂದ ಬಾಯಿಗೆ ಚುಚ್ಚುಮದ್ದಿನ ಮಾತು ಹರಡುತ್ತದೆ. ಗೋಡೆಗಳ ಮೇಲೆ ಮರ್ದಾನಗಿಯನ್ನು ಮರಳಿಸುವೆವೆಂಬ ಬರಹಗಳು ಕಾಣುತ್ತವೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧವು ಮದುವೆಗೆ ಮುಂಚಿನ ವರ್ಷಗಳಲ್ಲಿಯೇ ತರುಣರ ಮೈ ಸೇರುತ್ತದೆ. ಮದ್ದನ್ನು ಬಿಟ್ಟರೆ ಹೆಚ್ಚಿನವರಲ್ಲಿ ಬೀಜಶಕ್ತಿಯು ಮರಳುವುದೆಂಬುದು ನಿಜ. ಆದರೆ ಅದಕ್ಕೆ ತಿಂಗಳುಗಳು, ಒಮ್ಮೊಮ್ಮೆ ಒಂದೆರಡು ವರ್ಷಗಳೂ ಹಿಡಿಯಬಹುದು. ಬಹುಕಾಲ ಅತಿಯಾಗಿ ಬಳಸಿದ ಕೆಲವರಲ್ಲಿ ಪೂರ್ತಿಯಾಗಿ ಮರಳದೆಯೂ ಇರಬಹುದು.

ಆ ತಿಂಗಳುಗಳು ಮನೆಯೊಳಗೆ ಹೇಗೆ ಕಳೆಯುತ್ತವೆಯೆಂಬುದು ನಮಗೆಲ್ಲ ಗೊತ್ತು. ಮಗುವಾಗದಿದ್ದರೆ ಮೊದಲು ಪರೀಕ್ಷೆಗೆ ಹೋಗುವವಳು ಸೊಸೆ. ಹರಕೆ ಹೊರುವವಳು, ಉಪವಾಸ ಮಾಡುವವಳು, ನೆರೆಹೊರೆಯ ಮಾತು ಕೇಳುವವಳು ಸೊಸೆ. ಕಟ್ಟುಮಸ್ತಾದ ಗಂಡನನ್ನು ಕಂಡು ಕೊರತೆಯು ಅವನಲ್ಲಿರಬಹುದೆಂದು ಯಾರೂ ಶಂಕಿಸುವುದಿಲ್ಲ. ಅವನೂ ಚುಚ್ಚುಮದ್ದಿನ ವಿಷಯವನ್ನು ಬಾಯಿಬಿಡುವುದಿಲ್ಲ. ಎಷ್ಟೋ ವೇಳೆ ಅದಕ್ಕೂ ಇದಕ್ಕೂ ಸಂಬಂಧವುಂಟೆಂಬುದು ಅವನಿಗೇ ತಿಳಿದಿರುವುದಿಲ್ಲ. ಯಯಾತಿಯ ಅರಮನೆಯಲ್ಲಿ ಗಂಡಸರಿಬ್ಬರ ನಡುವೆ ನಡೆದ ಯೌವನದ ವ್ಯವಹಾರಕ್ಕೆ ಬೆಲೆತೆತ್ತವಳು ಆ ವ್ಯವಹಾರದಲ್ಲಿ ಯಾರೂ ಒಂದು ಮಾತನ್ನೂ ಕೇಳದ ಹೆಣ್ಣು. ಇಂದಿಗೂ ಬೆಲೆಯ ಬಹುಪಾಲು ಆಕೆಯ ಲೆಕ್ಕಕ್ಕೇ ಬೀಳುತ್ತಿದೆ.

ನಾಟಕವನ್ನು ಔಷಧಶಾಸ್ತ್ರದ ದೃಷ್ಟಾಂತವೆಂದು ಓದಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಯೌವನವು ಹೋದಲ್ಲಿಗೆ ಬೀಜವೂ ಹೋಗಿದೆಯೆಂದು ಚಿತ್ರಲೇಖೆಯು ವಾದಿಸುತ್ತಾಳೆ. ಎರವಲು ತಂದ ಯೌವನದಲ್ಲಿ ಬೀಜವೇ ಇರಲಾರದೆಂದು ಶರೀರವಿಜ್ಞಾನವು ಹೇಳುತ್ತದೆ. ಇವೆರಡೂ ಒಂದೇ ಮಾತಲ್ಲ. ಆದರೆ ಯೌವನವನ್ನು ಪಡೆಯುವವನು ಕೇಳಲು ಮರೆಯುವ ಪ್ರಶ್ನೆಯನ್ನು ಎರಡೂ ಕೇಳುತ್ತವೆ: ಇದರ ಬೆಲೆಯನ್ನು ಕೊಡುವವರು ಯಾರು? ಕಾರ್ನಾಡರ ಕೃತಿಯನ್ನು ತಂದೆಮಕ್ಕಳ ನಾಟಕವೆಂದು ಮಾತ್ರ ಓದಿದಾಗ ಈ ಪ್ರಶ್ನೆಯು ಪೂರುವಿನ ಬಳಿಯಲ್ಲಿಯೇ ನಿಂತುಬಿಡುತ್ತದೆ. ಚಿತ್ರಲೇಖೆಯ ನಾಟಕವೆಂದು ಓದಿದಾಗ ಅದು ಇನ್ನೂ ಹುಟ್ಟದವರವರೆಗೂ ತಲಪುತ್ತದೆ. ಮಗನ ಯೌವನಕ್ಕೆ ಕೈಯೊಡ್ಡುವ ತಂದೆಯರು ಇಂದು ವಿರಳ. ತನ್ನ ಮಕ್ಕಳ ಪಾಲನ್ನು ತಾನೇ ಅರಿಯದೆ ಮುಂಗಡವಾಗಿ ಕಳೆದುಕೊಳ್ಳುವ ತರುಣರು ವಿರಳರಲ್ಲ. ಮುಂದೆ ಈ ನಾಟಕವನ್ನು ರಂಗಕ್ಕೆ ತರುವವರೂ ತರಗತಿಗಳಲ್ಲಿ ಪಾಠ ಹೇಳುವವರೂ ಆಕೆಯ ಮಾತಿಗೆ ಸಲ್ಲಬೇಕಾದ ಪ್ರಾಧಾನ್ಯವನ್ನು ಸಲ್ಲಿಸಿದರೆ, ಕೃತಿಯ ಒಳಗನ್ನು ಕಂಡಂತೆಯೂ ಆಗುವುದು, ಕೇಳಬೇಕಾದವರ ಕಿವಿಗೆ ಒಂದು ಹಿತವಚನವನ್ನು ಮುಟ್ಟಿಸಿದಂತೆಯೂ ಆಗುವುದು.